ಸ್ಟೆಲ್ತ್ ಯುದ್ಧವಿಮಾನ: ರಾಡಾರ್ ಕಣ್ಣಿಗೆ ಎಷ್ಟು ಮರೆ, ಎಷ್ಟು ಬಯಲು?

ಪುತ್ತೂರು ತಾಲೂಕಿನ ನರಿಮೊಗರಿನ ಆಕಾಶದಲ್ಲಿ, ನೆಲದಿಂದ ಸುಮಾರು 10 ಕಿ.ಮೀ. ಎತ್ತರದಲ್ಲಿ ಒಂದು ಯುದ್ಧವಿಮಾನ ಬೆಂಗಳೂರಿನತ್ತ ಮುಖ ಮಾಡಿ ಹಾರುತ್ತಿದೆ ಎಂದು ಕಲ್ಪಿಸಿಕೊಳ್ಳಿ. ಅಲ್ಲಿಂದ ಬೆಂಗಳೂರಿಗೆ ನೇರ ವಾಯುಮಾರ್ಗದಲ್ಲಿ ಸುಮಾರು 260 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಸಾಗುವ ವಿಮಾನಕ್ಕೆ ಇದು 17 ನಿಮಿಷಗಳ ದಾರಿ. ರಾಜಧಾನಿಯಲ್ಲಿರುವ ರಾಡಾರ್ ಒಂದು ಈ ವಿಮಾನವನ್ನು ನರಿಮೊಗರಿನ ಮೇಲಿರುವಾಗಲೇ ಗುರುತಿಸಿದರೆ ರಕ್ಷಣಾ ಪಡೆಗೆ ಸಿಗುವ ಕಾಲಾವಕಾಶ ಆ 17 ನಿಮಿಷ. ಅದೇ ವಿಮಾನ ಮಾಗಡಿಯನ್ನು ದಾಟಿದ ಮೇಲಷ್ಟೇ ಕಣ್ಣಿಗೆ ಬಿದ್ದರೆ ಉಳಿಯುವುದು ಎರಡು ನಿಮಿಷಕ್ಕೂ ಕಡಿಮೆ. 'ಸ್ಟೆಲ್ತ್' ಎಂದು ಕರೆಯಲಾಗುವ ತಂತ್ರಜ್ಞಾನದ ಪ್ರಯೋಜನವೆಲ್ಲ ಅಡಗಿರುವುದು ಈ 17 ಮತ್ತು 2ರ ನಡುವಿನ ಅಂತರದಲ್ಲಿ.

ಪತ್ರಿಕೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಇಂತಹ ವಿಮಾನಗಳನ್ನು 'ಅದೃಶ್ಯ ವಿಮಾನ' ಎಂದು ವರ್ಣಿಸುವುದುಂಟು. ಆದರೆ ಯಾವ ವಿಮಾನವೂ ಅದೃಶ್ಯವಲ್ಲ. ಪತ್ತೆಯಾಗುವ ಕ್ಷಣವನ್ನು ಆದಷ್ಟು ತಡಮಾಡುವುದೇ ಈ ತಂತ್ರಜ್ಞಾನದ ಗುರಿ. ಆ ಗುರಿ ಎಷ್ಟರಮಟ್ಟಿಗೆ ಕೈಗೂಡಿದೆ ಎಂಬುದು ಕನ್ನಡನಾಡಿಗೆ ದೂರದ ಪ್ರಶ್ನೆಯಲ್ಲ. ಭಾರತದ ಮೊದಲ ಸ್ಟೆಲ್ತ್ ಯುದ್ಧವಿಮಾನ ರೂಪುಗೊಳ್ಳುತ್ತಿರುವುದು ಬೆಂಗಳೂರಿನಲ್ಲಿ. ಅಂತಹ ಚಾಲಕರಹಿತ ವಿಮಾನದ ಪ್ರಯೋಗ ನಡೆದಿರುವುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ.

ರಾಡಾರ್ ಕಾಣುವುದು ಹೇಗೆ?

ರಾಡಾರ್ ತನ್ನ ಆಂಟೆನಾದಿಂದ ರೇಡಿಯೋ ತರಂಗಗಳನ್ನು ಹೊರಸೂಸುತ್ತದೆ. ಅವು ವಿಮಾನಕ್ಕೆ ಬಡಿದು ಎಲ್ಲ ದಿಕ್ಕುಗಳಿಗೂ ಚದುರುತ್ತವೆ. ಅದರಲ್ಲಿ ಅತ್ಯಲ್ಪ ಭಾಗ ಮಾತ್ರ ರಾಡಾರಿಗೆ ಹಿಂದಿರುಗುತ್ತದೆ. ಈ ಪ್ರತಿಧ್ವನಿಯನ್ನು ಆಧರಿಸಿ ವಿಮಾನದ ದೂರ, ದಿಕ್ಕು ಹಾಗೂ ವೇಗವನ್ನು ಲೆಕ್ಕ ಹಾಕಲಾಗುತ್ತದೆ.

ಒಂದು ವಸ್ತು ಎಷ್ಟು ಪ್ರಬಲವಾದ ಪ್ರತಿಧ್ವನಿಯನ್ನು ನೀಡುತ್ತದೆ ಎಂಬುದನ್ನು 'ರಾಡಾರ್ ಅಡ್ಡಛೇದ' ಎಂಬ ಅಳತೆಯಿಂದ ಸೂಚಿಸುತ್ತಾರೆ. ಇದರ ಮಾನ ಚದರ ಮೀಟರ್. ಸುಮಾರು 1.13 ಮೀಟರ್ ವ್ಯಾಸದ ಲೋಹದ ಗೋಳವೊಂದರ ಅಡ್ಡಛೇದ 1 ಚದರ ಮೀಟರ್. ಸಿಪ್ಪೆ ಸುಲಿಯದ ಹಣ್ಣಡಿಕೆಯ ಗಾತ್ರದ ಲೋಹದ ಗುಂಡಿನದು ಸುಮಾರು 0.001 ಚದರ ಮೀಟರ್.

ಈ ಅಳತೆಗೂ ವಸ್ತುವಿನ ನಿಜವಾದ ಗಾತ್ರಕ್ಕೂ ನೇರ ಸಂಬಂಧವಿಲ್ಲ. ಒಂದು ಚದರ ಮೀಟರ್ ವಿಸ್ತೀರ್ಣದ ಚಪ್ಪಟೆ ಲೋಹದ ತಗಡು 3 ಸೆಂಟಿಮೀಟರ್ ತರಂಗದೂರದ ರಾಡಾರಿಗೆ ನೇರ ಎದುರಾಗಿ ನಿಂತರೆ ಅದರ ಅಡ್ಡಛೇದ ಸುಮಾರು 14,000 ಚದರ ಮೀಟರ್ ಆಗುತ್ತದೆ. ಅದೇ ತಗಡನ್ನು ಸ್ವಲ್ಪ ಓರೆಯಾಗಿಸಿದರೆ ತರಂಗಗಳು ಬೇರೆ ದಿಕ್ಕಿಗೆ ಚಿಮ್ಮಿ, ರಾಡಾರಿಗೆ ಮರಳುವ ಪ್ರತಿಧ್ವನಿ ಬಹುತೇಕ ಬತ್ತಿಹೋಗುತ್ತದೆ. ಕನ್ನಡಿಯ ಮೇಲೆ ಬಿದ್ದ ಬಿಸಿಲು ಒಂದೇ ಕೋನದಲ್ಲಿ ಕಣ್ಣು ಕುಕ್ಕುವಂತೆ ಇದು. ಸ್ಟೆಲ್ತ್ ವಿನ್ಯಾಸದ ಮೂಲಸೂತ್ರ ಇಷ್ಟೇ: ಗಾತ್ರಕ್ಕಿಂತ ಆಕಾರ ಮುಖ್ಯ.

ನಾಲ್ಕನೇ ಮೂಲದ ಲೆಕ್ಕ

ರಾಡಾರಿನ ದೃಷ್ಟಿಯ ದೂರ ಅಡ್ಡಛೇದದ ನಾಲ್ಕನೇ ಮೂಲಕ್ಕೆ ಅನುಗುಣವಾಗಿರುತ್ತದೆ. ತರಂಗಗಳು ಹೋಗುವಾಗಲೂ ಬರುವಾಗಲೂ ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುವುದೇ ಇದಕ್ಕೆ ಕಾರಣ. ಈ ಒಂದು ನಿಯಮ ತಿಳಿದರೆ ಸ್ಟೆಲ್ತ್ ತಂತ್ರಜ್ಞಾನದ ಲಾಭವೂ ಮಿತಿಯೂ ಅರ್ಥವಾಗುತ್ತವೆ.

ಹತ್ತು ಚದರ ಮೀಟರ್ ಅಡ್ಡಛೇದದ ಸಾಧಾರಣ ಯುದ್ಧವಿಮಾನವನ್ನು ಬೆಂಗಳೂರಿನ ಕಾಲ್ಪನಿಕ ರಾಡಾರ್ ನರಿಮೊಗರಿನ ಮೇಲೆ, ಅಂದರೆ 260 ಕಿ.ಮೀ. ದೂರದಲ್ಲಿ ಕಾಣಬಲ್ಲುದು ಎಂದಿಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ:

* ಅಡ್ಡಛೇದ 16ರಲ್ಲಿ ಒಂದು ಪಾಲಿಗೆ ಇಳಿದರೆ ಪತ್ತೆಯ ದೂರ ಅರ್ಧವಾಗಿ 130 ಕಿ.ಮೀ. ಆಗುತ್ತದೆ. ವಿಮಾನ ಚನ್ನರಾಯಪಟ್ಟಣದ ಆಸುಪಾಸಿಗೆ ಬಂದಾಗ ಗೋಚರ. ಉಳಿಯುವ ಸಮಯ ಸುಮಾರು 8 ನಿಮಿಷ 40 ಸೆಕೆಂಡು.
* ಸಾವಿರದಲ್ಲಿ ಒಂದು ಪಾಲಿಗೆ ಇಳಿದರೆ 46 ಕಿ.ಮೀ. ಮಾಗಡಿಯ ಸಮೀಪ ಗೋಚರ. ಉಳಿಯುವ ಸಮಯ 3 ನಿಮಿಷ.
* ಹತ್ತು ಸಾವಿರದಲ್ಲಿ ಒಂದು ಪಾಲಿಗೆ, ಅಂದರೆ ಆ ಅಡಿಕೆ ಗಾತ್ರದ ಗುಂಡಿನ ಮಟ್ಟಕ್ಕೆ ಇಳಿದರೆ 26 ಕಿ.ಮೀ. ಮಾಗಡಿ ದಾಟಿ ತಾವರೆಕೆರೆಯತ್ತ ಸಾಗುವಾಗ ಗೋಚರ. ಉಳಿಯುವ ಸಮಯ ಒಂದು ಮುಕ್ಕಾಲು ನಿಮಿಷ.

ಇದರಿಂದ ಎರಡು ಸಂಗತಿಗಳು ಸ್ಪಷ್ಟ. ಮೊದಲನೆಯದು, ಅಡ್ಡಛೇದವನ್ನು ಅರ್ಧಕ್ಕೆ ಇಳಿಸಿದರೆ ಪತ್ತೆಯ ದೂರ ಶೇ. 16ರಷ್ಟು ಮಾತ್ರ ತಗ್ಗುತ್ತದೆ. ಹೀಗಾಗಿ ಹಳೆಯ ವಿಮಾನಕ್ಕೆ ಒಂದಿಷ್ಟು ಲೇಪನ ಬಳಿದರೆ ದೊರೆಯುವ ಪ್ರಯೋಜನ ಅಲ್ಪ. ಸಾವಿರ ಪಟ್ಟು, ಹತ್ತು ಸಾವಿರ ಪಟ್ಟು ಇಳಿಕೆ ಬೇಕೆಂದರೆ ವಿಮಾನವನ್ನು ಮೊದಲ ರೇಖೆಯಿಂದಲೇ ಅದಕ್ಕಾಗಿ ರೂಪಿಸಬೇಕು. ಎರಡನೆಯದು, ಕಳೆದುಕೊಂಡ ಹತ್ತು ಪಟ್ಟು ದೂರವನ್ನು ರಾಡಾರಿನ ಶಕ್ತಿಯನ್ನು ಹೆಚ್ಚಿಸಿಯೇ ಮರಳಿ ಪಡೆಯಬೇಕೆಂದರೆ ಆ ಶಕ್ತಿ 10,000 ಪಟ್ಟು ಏರಬೇಕು. ಅದು ಕಾರ್ಯಸಾಧ್ಯವಲ್ಲ.

ಇಲ್ಲಿನ ಅಡ್ಡಛೇದದ ಅಂಕಿಗಳು ಉದಾಹರಣೆಗಾಗಿ ಮಾತ್ರ. ಸೇವೆಯಲ್ಲಿರುವ ವಿಮಾನಗಳ ನಿಖರ ಅಳತೆಯನ್ನು ಯಾವ ದೇಶವೂ ಬಹಿರಂಗಪಡಿಸುವುದಿಲ್ಲ. ಅಲ್ಲದೆ ಈ ಅಳತೆ ಕೋನದಿಂದ ಕೋನಕ್ಕೆ ಬದಲಾಗುತ್ತದೆ. ಮುಂಭಾಗದಿಂದ ಅಡಿಕೆಯಂತೆ ತೋರುವ ವಿಮಾನ ಪಕ್ಕದಿಂದ ಅಥವಾ ಹಿಂಬದಿಯಿಂದ ಹಲವು ಪಟ್ಟು ದೊಡ್ಡದಾಗಿ ತೋರಬಹುದು.

ಮರೆಮಾಚುವ ಬಗೆ

ಸ್ಟೆಲ್ತ್ ವಿಮಾನದಲ್ಲಿ ಮುಖ್ಯವಾಗಿ ನಾಲ್ಕು ಉಪಾಯಗಳನ್ನು ಅನುಸರಿಸಲಾಗುತ್ತದೆ.

ಆಕಾರ: ರೆಕ್ಕೆ, ಬಾಲ ಹಾಗೂ ಬಾಗಿಲುಗಳ ಅಂಚುಗಳನ್ನು ಕೆಲವೇ ದಿಕ್ಕುಗಳಿಗೆ ಸಮಾನಾಂತರವಾಗಿ ಜೋಡಿಸಲಾಗುತ್ತದೆ. ಇದರಿಂದ ಪ್ರತಿಧ್ವನಿಯೆಲ್ಲ ಆ ಕೆಲವು ದಿಕ್ಕುಗಳಿಗೆ ಮಾತ್ರ ಚಿಮ್ಮುತ್ತದೆ. ಎರಡು ತಗಡುಗಳು ಲಂಬಕೋನದಲ್ಲಿ ಕೂಡುವ ಮೂಲೆಗಳು ತರಂಗಗಳನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವುದರಿಂದ ಅವುಗಳನ್ನು ಕೈಬಿಡಲಾಗುತ್ತದೆ. ಬಾಲದ ರೆಕ್ಕೆಗಳು ಓರೆಯಾಗಿರುವುದು ಇದೇ ಕಾರಣಕ್ಕೆ.

ಗಾಳಿದ್ವಾರ: ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಲೋಹದ ಅಲಗುಗಳು ಬಲವಾದ ಪ್ರತಿಧ್ವನಿ ನೀಡುತ್ತವೆ. ಗಾಳಿ ಹೋಗುವ ಕೊಳವೆಯನ್ನು ಹಾವಿನಂತೆ ಬಾಗಿಸಿ ಅವು ನೇರವಾಗಿ ಕಾಣದಂತೆ ಮಾಡಲಾಗುತ್ತದೆ. ಬೆಂಗಳೂರಿನಲ್ಲೇ ರೂಪುಗೊಂಡು 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಸ್ಟೆಲ್ತ್ ವಿಮಾನವಲ್ಲವಾದರೂ ಅದರ ಕವಲೊಡೆದ ಗಾಳಿದ್ವಾರ ಎಂಜಿನ್ ಅಲಗುಗಳನ್ನು ಮರೆಮಾಡುತ್ತದೆ.

ಹೀರುಲೇಪನ: ತರಂಗಗಳ ಶಕ್ತಿಯನ್ನು ಹೀರಿ ಶಾಖವಾಗಿಸುವ ವಿಶೇಷ ವಸ್ತುಗಳನ್ನು ಮೈಮೇಲೆ ಬಳಿಯಲಾಗುತ್ತದೆ ಅಥವಾ ರಚನೆಯೊಳಗೇ ಸೇರಿಸಲಾಗುತ್ತದೆ. ಆಕಾರದಿಂದ ನಿವಾರಿಸಲಾಗದ ಶೇಷವನ್ನು ತಗ್ಗಿಸುವುದು ಇವುಗಳ ಕೆಲಸ.

ಒಳಗಣ ಶಸ್ತ್ರಾಗಾರ: ರೆಕ್ಕೆಯ ಕೆಳಗೆ ಕ್ಷಿಪಣಿ, ಬಾಂಬು, ಇಂಧನದ ತೊಟ್ಟಿಗಳನ್ನು ನೇತುಹಾಕಿದರೆ ಉಳಿದೆಲ್ಲ ಶ್ರಮ ವ್ಯರ್ಥ. ಆದ್ದರಿಂದ ಅವನ್ನು ವಿಮಾನದ ಹೊಟ್ಟೆಯೊಳಗೆ ಇರಿಸಲಾಗುತ್ತದೆ.

ಇವುಗಳ ಜೊತೆಗೆ ಎಂಜಿನ್ನಿನ ಬಿಸಿಯನ್ನು ಮರೆಮಾಚುವುದು, ವಿಮಾನದ ಸ್ವಂತ ರಾಡಾರ್ ಮತ್ತು ರೇಡಿಯೋ ಸಂಕೇತಗಳನ್ನು ಮಿತವಾಗಿ ಬಳಸುವುದೂ ಅಗತ್ಯ. ಕತ್ತಲಲ್ಲಿ ಅಡಗಿ ಕುಳಿತವನು ಬ್ಯಾಟರಿ ಬೆಳಗಿದರೆ ಅಡಗಿ ಪ್ರಯೋಜನವಿಲ್ಲ.

ಸೋವಿಯತ್ ಸೂತ್ರ, ಅಮೆರಿಕದ ವಿಮಾನ

ಈ ತಂತ್ರಜ್ಞಾನದ ಗಣಿತ ಹುಟ್ಟಿದ್ದು ಸೋವಿಯತ್ ಒಕ್ಕೂಟದಲ್ಲಿ ಎಂಬುದು ಇತಿಹಾಸದ ವಿಡಂಬನೆ. ಭೌತವಿಜ್ಞಾನಿ ಪ್ಯೋತ್ರ್ ಉಫಿಮ್ಟ್ಸೆವ್ ವಸ್ತುಗಳ ಅಂಚುಗಳಲ್ಲಿ ತರಂಗಗಳು ಹೇಗೆ ಚದುರುತ್ತವೆ ಎಂಬುದನ್ನು ಲೆಕ್ಕ ಹಾಕುವ ವಿಧಾನವನ್ನು 1962ರಲ್ಲಿ ಪ್ರಕಟಿಸಿದರು. ಅವರ ಕೃತಿ 1971ರಲ್ಲಿ ಅಮೆರಿಕದಲ್ಲಿ ಇಂಗ್ಲಿಷಿಗೆ ಬಂತು. ಲಾಕ್‌ಹೀಡ್ ಸಂಸ್ಥೆಯ ಗಣಿತಜ್ಞ ಡೆನಿಸ್ ಓವರ್‌ಹೋಲ್ಸರ್ ಅದನ್ನು ಆಧರಿಸಿ ಕಂಪ್ಯೂಟರ್ ಕಾರ್ಯಕ್ರಮ ಬರೆದರು. ಅದರ ಫಲವಾದ 'ಹ್ಯಾವ್ ಬ್ಲೂ' ಪ್ರಾಯೋಗಿಕ ವಿಮಾನ 1977ರ ಡಿಸೆಂಬರ್ 1ರಂದು ಹಾರಿತು. ಎಫ್-117 'ನೈಟ್‌ಹಾಕ್' 1981ರ ಜೂನ್ 18ರಂದು ಮೊದಲ ಹಾರಾಟ ನಡೆಸಿದರೂ ಅದರ ಅಸ್ತಿತ್ವವನ್ನು ಅಮೆರಿಕ ಒಪ್ಪಿಕೊಂಡಿದ್ದು 1988ರಲ್ಲಿ.

ಅಂದಿನ ಕಂಪ್ಯೂಟರುಗಳಿಗೆ ವಕ್ರ ಮೇಲ್ಮೈಗಳ ಲೆಕ್ಕ ಎಟುಕುತ್ತಿರಲಿಲ್ಲ. ಆದ್ದರಿಂದಲೇ ಎಫ್-117ಕ್ಕೆ ಕೆತ್ತಿದ ವಜ್ರದಂತಹ ಚಪ್ಪಟೆ ಮುಖಗಳು. 1989ರ ಜುಲೈ 17ರಂದು ಹಾರಿದ ಬಿ-2 ಬಾಂಬರ್ ವಿಮಾನದ ಹೊತ್ತಿಗೆ ಆ ಮಿತಿ ನೀಗಿ ನಯವಾದ ಬಾಗುಗಳು ಬಂದವು.

ರಣರಂಗದ ಪರೀಕ್ಷೆ

1991ರ ಕೊಲ್ಲಿ ಯುದ್ಧ ಈ ತಂತ್ರಜ್ಞಾನದ ದೊಡ್ಡ ಪರೀಕ್ಷೆಯಾಯಿತು. ಬಲಿಷ್ಠ ವಾಯುರಕ್ಷಣೆಯಿದ್ದ ಬಾಗ್ದಾದಿನ ಮೇಲೆ ಎಫ್-117 ವಿಮಾನಗಳು ದಾಳಿ ನಡೆಸಿದವು. ಯುದ್ಧದಾದ್ಯಂತ ಸುಮಾರು 1,300 ಹಾರಾಟಗಳಲ್ಲಿ ಒಂದು ವಿಮಾನವೂ ನಷ್ಟವಾಗಲಿಲ್ಲ. ಆದರೆ ಅವು ಹಾರಿದ್ದು ರಾತ್ರಿಯಲ್ಲಿ ಮಾತ್ರ. ರಾಡಾರ್ ಕೆಡಿಸುವ ಮತ್ತು ರಾಡಾರ್ ನಾಶಪಡಿಸುವ ಇತರ ವಿಮಾನಗಳೂ ಅದೇ ಆಕಾಶದಲ್ಲಿ ಕಾರ್ಯನಿರತವಾಗಿದ್ದವು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 1997ರಲ್ಲಿ ನೀಡಿದ ವರದಿ, ಈ ವಿಮಾನಗಳ ಬಾಂಬುಗಳು ಗುರಿ ಮುಟ್ಟಿದ ಪ್ರಮಾಣ ಶೇ. 80 ಎಂಬ ಅಧಿಕೃತ ಹೇಳಿಕೆಯನ್ನು ಒಪ್ಪಲಿಲ್ಲ. ಅದರ ಅಂದಾಜು ಶೇ. 41ರಿಂದ 60. ವಿಮಾನ ಉಳಿದು ಬಂದದ್ದು ನಿಜ, ಪವಾಡ ನಡೆದದ್ದು ನಿಜವಲ್ಲ ಎಂಬುದು ಅದರ ಸಾರ.

ಎಂಟು ವರ್ಷಗಳ ಬಳಿಕ ಪ್ರತಿಯೇಟು ಬಿತ್ತು. 1999ರ ಮಾರ್ಚ್ 27ರ ರಾತ್ರಿ ಸರ್ಬಿಯಾದ ಬುಜನೋವ್ಸಿ ಗ್ರಾಮದ ಬಳಿ ಎಫ್-117 ವಿಮಾನವೊಂದನ್ನು ಕರ್ನಲ್ ಜೋಲ್ಟಾನ್ ಡಾನಿ ನೇತೃತ್ವದ ಕ್ಷಿಪಣಿ ಪಡೆ ಉರುಳಿಸಿತು. ಬಳಕೆಯಾದದ್ದು 1960ರ ದಶಕದ ಎಸ್-125 ಕ್ಷಿಪಣಿ ವ್ಯವಸ್ಥೆ. ವಿಮಾನದ ಸುಳಿವು ಕೊಟ್ಟದ್ದು ಸುಮಾರು ಎರಡು ಮೀಟರ್ ತರಂಗದೂರದ ಹಳೆಯ ಪಿ-18 ರಾಡಾರ್. ಪೈಲಟ್ ಪ್ಯಾರಾಚೂಟ್ ಮೂಲಕ ಪಾರಾದರು. ವಿಮಾನದ ಅವಶೇಷಗಳು ಬೆಲ್‌ಗ್ರೇಡಿನ ವೈಮಾನಿಕ ಸಂಗ್ರಹಾಲಯದ ಪಾಲಾದವು.

ಈ ಘಟನೆಯ ಕಾರಣಗಳು ಬೋಧಪ್ರದ. ಅಮೆರಿಕದ ವಿಮಾನಗಳು ದಿನವೂ ಹೆಚ್ಚುಕಡಿಮೆ ಒಂದೇ ಮಾರ್ಗದಲ್ಲಿ ಬರುತ್ತಿದ್ದವು. ರಾಡಾರ್ ಕೆಡಿಸುವ ಬೆಂಬಲ ವಿಮಾನಗಳು ಆ ರಾತ್ರಿ ಜೊತೆಗಿರಲಿಲ್ಲ. ಡಾನಿಯ ಪಡೆ ತನ್ನ ರಾಡಾರನ್ನು ಕೆಲವೇ ಸೆಕೆಂಡುಗಳ ಕಾಲ ಚಾಲೂ ಮಾಡಿ ಆರಿಸುತ್ತಿತ್ತು, ಪದೇ ಪದೇ ಸ್ಥಳ ಬದಲಿಸುತ್ತಿತ್ತು. ವಿಮಾನ ಸುಮಾರು 13 ಕಿ.ಮೀ. ಸಮೀಪಕ್ಕೆ ಬಂದಾಗ ಮಾತ್ರ ಕ್ಷಿಪಣಿ ಹಾರಿಸಲು ಸಾಧ್ಯವಾಯಿತು. ಸ್ಟೆಲ್ತ್ ಗುಣ ಕೆಲಸ ಮಾಡಿತ್ತು. ಅದನ್ನೇ ನಂಬಿ ಉಳಿದ ಎಚ್ಚರ ತಪ್ಪಿದ್ದು ಮುಳುವಾಯಿತು.

2025ರ ಜೂನ್ 22ರಂದು ಇರಾನಿನ ಅಣುಸ್ಥಾವರಗಳ ಮೇಲೆ ಅಮೆರಿಕ ನಡೆಸಿದ ದಾಳಿಯಲ್ಲಿ ಏಳು ಬಿ-2 ವಿಮಾನಗಳು 14 ಭಾರೀ ಬಾಂಬುಗಳನ್ನು ಹಾಕಿ ಮರಳಿದವು. ಆದರೆ ಈ ಏಳರ ಹಿಂದೆ 125ಕ್ಕೂ ಹೆಚ್ಚು ವಿಮಾನಗಳು ಪಾಲ್ಗೊಂಡಿದ್ದವು ಎಂದು ಅಮೆರಿಕದ ಸೇನೆಯೇ ತಿಳಿಸಿತು. ಗಮನ ಬೇರೆಡೆ ಸೆಳೆಯಲು ಕೆಲವು ಬಿ-2ಗಳನ್ನು ವಿರುದ್ಧ ದಿಕ್ಕಿನಲ್ಲಿ ಪೆಸಿಫಿಕ್ ಸಾಗರದತ್ತ ಕಳುಹಿಸಲಾಗಿತ್ತು. ಜೂನ್ 13ರಿಂದ ನಡೆದಿದ್ದ ಇಸ್ರೇಲ್ ದಾಳಿಯಿಂದ ಇರಾನಿನ ವಾಯುರಕ್ಷಣೆ ಆಗಲೇ ಜರ್ಝರಿತವಾಗಿತ್ತು. 1991ರಲ್ಲಿಯೂ 2025ರಲ್ಲಿಯೂ ಸ್ಟೆಲ್ತ್ ವಿಮಾನ ಯಶಸ್ವಿಯಾದದ್ದು ಒಂಟಿಯಾಗಿ ಅಲ್ಲ, ದೊಡ್ಡ ವ್ಯವಸ್ಥೆಯ ಮೊನೆಯಾಗಿ.

ಮರೆಯನ್ನು ಭೇದಿಸುವ ಉಪಾಯಗಳು

ಯುದ್ಧವಿಮಾನ ಮತ್ತು ಕ್ಷಿಪಣಿಗಳ ಗುರಿಹಿಡಿಯುವ ರಾಡಾರುಗಳು ಸಾಮಾನ್ಯವಾಗಿ 3 ಸೆಂ.ಮೀ. ಆಸುಪಾಸಿನ ತರಂಗದೂರದಲ್ಲಿ ಕೆಲಸ ಮಾಡುತ್ತವೆ. ಸ್ಟೆಲ್ತ್ ಆಕಾರವನ್ನು ಮುಖ್ಯವಾಗಿ ಇವುಗಳ ವಿರುದ್ಧ ರೂಪಿಸಲಾಗಿರುತ್ತದೆ. ತರಂಗದೂರ ಮೀಟರುಗಳಷ್ಟಾದಾಗ, ಅಂದರೆ ವಿಮಾನದ ಬಾಲ ಅಥವಾ ರೆಕ್ಕೆಯ ತುದಿಯಷ್ಟೇ ಉದ್ದವಾದಾಗ, ಓರೆ ಅಂಚುಗಳ ಚಾತುರ್ಯ ಬಹುಮಟ್ಟಿಗೆ ಕುಂದುತ್ತದೆ. ತೆಳು ಹೀರುಲೇಪನವೂ ಅಷ್ಟು ಉದ್ದದ ತರಂಗಗಳ ಮುಂದೆ ದುರ್ಬಲ.

ಹಾಗಾದರೆ ಮೀಟರ್ ತರಂಗದ ರಾಡಾರ್ ಇದ್ದರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ತರಂಗ ಉದ್ದವಾದಷ್ಟೂ ರಾಡಾರಿನ ನೋಟ ಮಸುಕಾಗುತ್ತದೆ. 'ಈ ದಿಕ್ಕಿನಲ್ಲಿ ಏನೋ ಇದೆ' ಎಂದು ಅದು ಹೇಳಬಲ್ಲುದು. ಕ್ಷಿಪಣಿಯನ್ನು ಗುರಿಗೆ ಮುಟ್ಟಿಸುವಷ್ಟು ಕರಾರುವಾಕ್ಕಾಗಿ ಹೇಳಲಾರದು. ಪತ್ತೆ ಹಚ್ಚುವುದು, ಬೆನ್ನುಹತ್ತುವುದು, ಗುರಿ ಹಿಡಿಯುವುದು, ಹೊಡೆಯುವುದು ಎಂಬ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ವಿಮಾನ ಪಾರು. ಸ್ಟೆಲ್ತ್ ತಂತ್ರದ ಬಲವಿರುವುದು ಈ ಮಧ್ಯದ ಕೊಂಡಿಗಳನ್ನು ಸಡಿಲಿಸುವುದರಲ್ಲಿ.

ಇತರ ಪ್ರತಿತಂತ್ರಗಳೂ ಇವೆ. ತರಂಗ ಸೂಸುವ ಕೇಂದ್ರವನ್ನೂ ಪ್ರತಿಧ್ವನಿ ಹಿಡಿಯುವ ಕೇಂದ್ರಗಳನ್ನೂ ದೂರದೂರದಲ್ಲಿ ಸ್ಥಾಪಿಸಿದರೆ ಬೇರೆ ದಿಕ್ಕಿಗೆ ಚಿಮ್ಮಿದ ಪ್ರತಿಧ್ವನಿಯೂ ಸಿಕ್ಕಬಹುದು. ಎಫ್.ಎಂ. ರೇಡಿಯೋ ಮತ್ತು ದೂರದರ್ಶನದ ಪ್ರಸಾರ ತರಂಗಗಳನ್ನೇ ಬಳಸಿ ವಿಮಾನ ಗುರುತಿಸುವ 'ನಿಷ್ಕ್ರಿಯ ರಾಡಾರ್'ಗಳು ಇದೇ ತತ್ತ್ವದವು. ವಿಮಾನದ ಶಾಖವನ್ನು ಗುರುತಿಸುವ ಅವಕೆಂಪು ಸಂವೇದಕಗಳಿಗೆ ರಾಡಾರ್ ಹೀರುಲೇಪನದಿಂದ ಯಾವ ಅಡ್ಡಿಯೂ ಇಲ್ಲ. ಆದರೆ ಮೋಡ, ಮಳೆ ಅವಕ್ಕೆ ತಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವ ಕರಾವಳಿ ಮತ್ತು ಮಲೆನಾಡಿನ ಮೇಲೆ ಅವುಗಳ ಉಪಯೋಗ ಸೀಮಿತ. ಹಲವು ಬಗೆಯ ಸಂವೇದಕಗಳ ಅರೆಬರೆ ಸುಳಿವುಗಳನ್ನು ಒಂದುಗೂಡಿಸುವ ಜಾಲವೇ ಪರಿಣಾಮಕಾರಿ ಉತ್ತರ ಎಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ.

ತಿರುವನಂತಪುರದ ಅತಿಥಿ

2025ರ ಜೂನ್ 14ರ ರಾತ್ರಿ ಬ್ರಿಟಿಷ್ ನೌಕಾಪಡೆಯ ವಿಮಾನವಾಹಕ ನೌಕೆಯಿಂದ ಹೊರಟ ಎಫ್-35ಬಿ ವಿಮಾನವೊಂದು ತಿರುವನಂತಪುರ ವಿಮಾನ ನಿಲ್ದಾಣದಲ್ಲಿ ತುರ್ತಾಗಿ ಇಳಿಯಿತು. ತಾಂತ್ರಿಕ ದೋಷದಿಂದಾಗಿ ಜುಲೈ 22ರವರೆಗೂ ಅದು ಅಲ್ಲೇ ಉಳಿಯಿತು. ತನ್ನ ಸಮಗ್ರ ವಾಯು ನಿಯಂತ್ರಣ ಜಾಲ ಈ ವಿಮಾನವನ್ನು ಪತ್ತೆಹಚ್ಚಿ ಗುರುತಿಸಿತ್ತು ಎಂದು ಭಾರತೀಯ ವಾಯುಪಡೆ ತಿಳಿಸಿತು. ಸ್ಟೆಲ್ತ್ ತಂತ್ರಜ್ಞಾನದ ಬಣ್ಣ ಬಯಲಾಯಿತು ಎಂದು ಸಾಮಾಜಿಕ ಜಾಲತಾಣಗಳಲ್ಲಿ ಹಲವರು ಸಂಭ್ರಮಿಸಿದ್ದರು.

ಆದರೆ ಶಾಂತಿಕಾಲದ ಹಾರಾಟ ಯುದ್ಧಕಾಲದ ಹಾರಾಟವಲ್ಲ. ಇಂತಹ ವಿಮಾನಗಳು ಸಾಮಾನ್ಯವಾಗಿ ಶಾಂತಿಕಾಲದಲ್ಲಿ ಪ್ರತಿಧ್ವನಿಯನ್ನು ಬೇಕೆಂದೇ ಹೆಚ್ಚಿಸುವ ಸಣ್ಣ ಪ್ರತಿಫಲಕಗಳನ್ನು ಮೈಮೇಲೆ ತೊಟ್ಟಿರುತ್ತವೆ. ನಾಗರಿಕ ವಿಮಾನಗಳೊಡನೆ ಡಿಕ್ಕಿ ತಪ್ಪಿಸುವುದು ಒಂದು ಉದ್ದೇಶ. ತಮ್ಮ ನಿಜವಾದ ಅಳತೆ ಪರರಿಗೆ ತಿಳಿಯದಂತೆ ಮಾಡುವುದು ಇನ್ನೊಂದು. ತುರ್ತು ಭೂಸ್ಪರ್ಶಕ್ಕೆ ಅನುಮತಿ ಕೋರುವ ವಿಮಾನ ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ. ಹೀಗಾಗಿ ಈ ಪ್ರಸಂಗದಿಂದ ಸ್ಟೆಲ್ತ್ ತಂತ್ರದ ಸೋಲನ್ನಾಗಲೀ ಗೆಲುವನ್ನಾಗಲೀ ಅಳೆಯಲು ಬರುವುದಿಲ್ಲ.

ತೆರಬೇಕಾದ ಬೆಲೆ

ಸ್ಟೆಲ್ತ್ ಗುಣಕ್ಕೆ ತೆರಬೇಕಾದ ಬೆಲೆ ಹಣವೊಂದೇ ಅಲ್ಲ. ಒಳಗಣ ಶಸ್ತ್ರಾಗಾರದಲ್ಲಿ ಜಾಗ ಕಡಿಮೆ. ಭಾರತದ ಸುಖೋಯ್-30 ಎಂಕೆಐ ಸುಮಾರು 8 ಟನ್ ಶಸ್ತ್ರಗಳನ್ನು ಹೊರಗೆ ಹೊರಬಲ್ಲುದು. ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿರುವ ಸ್ಟೆಲ್ತ್ ವಿಮಾನದ ಒಳ ಶಸ್ತ್ರಾಗಾರದ ಸಾಮರ್ಥ್ಯ ಸುಮಾರು 1.5 ಟನ್. ಹೆಚ್ಚು ಹೊರಬೇಕಾದರೆ ಹೊರಗೆ ತೂಗುಹಾಕಬೇಕು, ಆಗ ಮರೆ ಹೋಗುತ್ತದೆ.

ಹೀರುಲೇಪನಗಳ ನಿರ್ವಹಣೆ ಕಠಿಣ. ಮಳೆ, ತೇವ, ಉಪ್ಪುಗಾಳಿ, ಬಿಸಿಲು ಅವುಗಳ ಶತ್ರುಗಳು. ಬಿ-2 ವಿಮಾನಗಳಿಗೆ ಉಷ್ಣತೆ ಮತ್ತು ತೇವಾಂಶ ನಿಯಂತ್ರಿತ ಶೆಡ್ಡುಗಳು ಬೇಕಾಗುತ್ತವೆ. ಮೊದಲು 132 ಬಿ-2ಗಳನ್ನು ನಿರ್ಮಿಸುವ ಯೋಜನೆಯಿತ್ತು. ಅದನ್ನು 21ಕ್ಕೆ ನಿಲ್ಲಿಸಲಾಯಿತು, ಅಭಿವೃದ್ಧಿ ವೆಚ್ಚ ಸೇರಿ ಒಂದೊಂದರ ಬೆಲೆ 200 ಕೋಟಿ ಡಾಲರ್ ಮುಟ್ಟಿತು. ಎಫ್-22 ವಿಮಾನಗಳ ತಯಾರಿಕೆಯೂ ಸೇವೆಗೆ ಬೇಕಾದ 187ಕ್ಕೆ ಮುಗಿಯಿತು. ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿರುವ ಎಫ್-35ರಲ್ಲಿ 2023ರ ಮಾರ್ಚ್‌ನಲ್ಲಿ ಕಾರ್ಯಾಚರಣೆಗೆ ಸಿದ್ಧವಿದ್ದ ಪ್ರಮಾಣ ಸುಮಾರು ಶೇ. 55 ಎಂದು ಅಮೆರಿಕದ ಲೆಕ್ಕಪರಿಶೋಧಕರು ವರದಿ ಮಾಡಿದರು. ಬಿಡಿಭಾಗಗಳ ಕೊರತೆ, ದುರಸ್ತಿಯ ವಿಳಂಬ ಇದಕ್ಕೆ ಮುಖ್ಯ ಕಾರಣಗಳಾಗಿದ್ದವು.

ಬೆಂಗಳೂರು ಮತ್ತು ಚಳ್ಳಕೆರೆ

ಭಾರತ ಮೊದಲು ಆರಿಸಿಕೊಂಡದ್ದು ರಷ್ಯಾದ ಜೊತೆಗಿನ ಜಂಟಿ ದಾರಿ. ಐದನೇ ಪೀಳಿಗೆಯ ಯುದ್ಧವಿಮಾನದ ಪ್ರಾಥಮಿಕ ವಿನ್ಯಾಸಕ್ಕೆ 2010ರ ಡಿಸೆಂಬರ್‌ನಲ್ಲಿ ಒಪ್ಪಂದವಾಗಿ, ಬೆಂಗಳೂರಿನ ಎಚ್‌ಎಎಲ್ ಅದರಲ್ಲಿ ಪಾಲುದಾರನಾಯಿತು. 2018ರಲ್ಲಿ ಭಾರತ ಈ ಯೋಜನೆಯಿಂದ ಹಿಂದೆ ಸರಿಯಿತು. ಉಳಿದದ್ದು ಸ್ವದೇಶಿ ದಾರಿ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ (ಎಡಿಎ) ರೂಪಿಸುತ್ತಿರುವ ಸುಧಾರಿತ ಮಧ್ಯಮ ಯುದ್ಧವಿಮಾನ 'ಎಎಂಸಿಎ'ಯ ವಿನ್ಯಾಸ ಹಾಗೂ ಮೂಲಮಾದರಿಗಳ ನಿರ್ಮಾಣಕ್ಕೆ ಕೇಂದ್ರದ ಭದ್ರತಾ ಸಂಪುಟ ಸಮಿತಿ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು. 25 ಟನ್ ತೂಕದ, ಎರಡು ಎಂಜಿನ್‌ಗಳ ಈ ವಿಮಾನದ ಐದು ಮೂಲಮಾದರಿಗಳು ಸಿದ್ಧವಾಗಬೇಕಿದೆ. ಆರಂಭದ ವಿಮಾನಗಳಿಗೆ ಅಮೆರಿಕದ ಜಿಇ-414 ಎಂಜಿನ್ ಬಳಕೆಯಾಗಲಿದೆ. ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳೆರಡೂ ಸ್ಪರ್ಧಿಸಬಹುದಾದ ನಿರ್ಮಾಣ ವ್ಯವಸ್ಥೆಗೆ ರಕ್ಷಣಾ ಸಚಿವ ರಾಜನಾಥ್ ಸಿಂಗ್ 2025ರ ಮೇ 27ರಂದು ಅನುಮೋದನೆ ನೀಡಿದರು. ವಾಯುಪಡೆಗೆ ಸೇರ್ಪಡೆಯ ಗುರಿ 2035ರ ಸುಮಾರಿಗೆ.

2025ರ ಫೆಬ್ರವರಿ 10ರಿಂದ 14ರವರೆಗೆ ಯಲಹಂಕ ವಾಯುನೆಲೆಯಲ್ಲಿ ನಡೆದ ವೈಮಾನಿಕ ಪ್ರದರ್ಶನದಲ್ಲಿ ಎಎಂಸಿಎಯ ಪೂರ್ಣ ಗಾತ್ರದ ಪ್ರತಿಕೃತಿಯನ್ನು ಸಾರ್ವಜನಿಕರು ಕಂಡರು. ಅದೇ ಮೈದಾನಕ್ಕೆ ಅಮೆರಿಕದ ಎಫ್-35 ಮತ್ತು ರಷ್ಯಾದ ಸುಖೋಯ್-57 ಎರಡೂ ಬಂದಿದ್ದವು. ಆ ವಾರವೇ, ಫೆಬ್ರವರಿ 13ರಂದು, ಭಾರತಕ್ಕೆ ಎಫ್-35 ಒದಗಿಸುವ ದಾರಿ ತೆರೆಯುವುದಾಗಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೇಳಿದರು. ಕೊಳ್ಳುವುದೇ, ಕಾಯುವುದೇ ಎಂಬ ಚರ್ಚೆ ಅಲ್ಲಿಂದ ಬಿಸಿಯೇರಿತು.

ಚಾಲಕರಹಿತ ವಿಭಾಗದಲ್ಲಿ ಕೆಲಸ ಹಾರಾಟದ ಹಂತ ತಲುಪಿದೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಕೇಂದ್ರ (ಎಡಿಇ) ರೂಪಿಸಿದ, ಬಾಲವಿಲ್ಲದ ರೆಕ್ಕೆಯಾಕಾರದ ಪ್ರಾಯೋಗಿಕ ವಿಮಾನ 2022ರ ಜುಲೈ 1ರಂದು ಚಳ್ಳಕೆರೆ ಸಮೀಪದ ವೈಮಾನಿಕ ಪರೀಕ್ಷಾ ವಲಯದಲ್ಲಿ ತಾನಾಗಿಯೇ ಮೇಲೇರಿ, ಹಾರಿ, ಕೆಳಗಿಳಿಯಿತು. ಆ ವಲಯ 2017ರ ಮೇ 28ರಂದು ಉದ್ಘಾಟನೆಗೊಂಡಿತ್ತು. ಅದಕ್ಕೂ ಒಂದು ಬೆಲೆ ಸಂದಿದೆ. ಅಮೃತಮಹಲ್ ಕಾವಲಿನ ಹುಲ್ಲುಗಾವಲನ್ನು ರಕ್ಷಣಾ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಹಂಚಿದ್ದಕ್ಕೆ ಸುತ್ತಲಿನ ಹಳ್ಳಿಗಳ ಪಶುಪಾಲಕರಿಂದ ವಿರೋಧ ವ್ಯಕ್ತವಾಗಿ, ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಗಿತ್ತು.

ಮರೆಯನ್ನು ಭೇದಿಸುವ ಕಣ್ಣುಗಳೂ ಇದೇ ನಗರದಲ್ಲಿ ರೂಪುಗೊಳ್ಳುತ್ತವೆ ಎಂಬುದು ವಿಶೇಷ. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಎಲ್‌ಆರ್‌ಡಿಇ ಪ್ರಯೋಗಾಲಯ ದೇಶದ ರಾಡಾರುಗಳನ್ನು ವಿನ್ಯಾಸಗೊಳಿಸುತ್ತದೆ, ಬಿಇಎಲ್ ಅವುಗಳನ್ನು ತಯಾರಿಸುತ್ತದೆ.

ಭಾರತಕ್ಕೆ ಏಕೆ ಮುಖ್ಯ?

ಚೀನಾದ ಜೆ-20 ಸ್ಟೆಲ್ತ್ ವಿಮಾನ 2011ರ ಜನವರಿ 11ರಂದು ಮೊದಲು ಹಾರಿ 2017ರಲ್ಲಿ ಸೇವೆಗೆ ಸೇರಿತು. ಎರಡನೆಯ ವಿಮಾನವಾದ ಜೆ-35ಎ 2024ರ ನವೆಂಬರ್‌ನಲ್ಲಿ ಝುಹಾಯ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಜೆ-35 ವಿಮಾನಗಳನ್ನು ನೀಡುವ ಪ್ರಸ್ತಾಪ ಚೀನಾದಿಂದ ಬಂದಿದೆ ಎಂದು ಪಾಕಿಸ್ತಾನ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತ್ತು. ಇತ್ತ 2025ರ ಸೆಪ್ಟೆಂಬರ್ 26ರಂದು ಮಿಗ್-21 ವಿಮಾನಗಳು ನಿವೃತ್ತಿಯಾದ ಬಳಿಕ, 42 ಸ್ಕ್ವಾಡ್ರನ್‌ಗಳ ಮಂಜೂರಾತಿಯಿರುವ ಭಾರತೀಯ ವಾಯುಪಡೆಯ ಬಲ 29ಕ್ಕೆ ಇಳಿಯಿತು.

ಈ ಹಿನ್ನೆಲೆಯಲ್ಲಿ ನರಿಮೊಗರಿನ ಲೆಕ್ಕಕ್ಕೆ ಎರಡು ಮುಖಗಳಿವೆ. ಎದುರಾಳಿಯ ಬಳಿ ಸ್ಟೆಲ್ತ್ ವಿಮಾನವಿದ್ದರೆ ಎಚ್ಚರಿಕೆಯ 17 ನಿಮಿಷ ಎರಡಕ್ಕೆ ಇಳಿಯಬಹುದು. ಅದಕ್ಕೆ ಉತ್ತರ ಸ್ಟೆಲ್ತ್ ವಿಮಾನವಲ್ಲ, ಹಲವು ಬಗೆಯ ರಾಡಾರುಗಳ ದಟ್ಟವಾದ ಜಾಲ. ಎದುರಾಳಿಯ ವಾಯುರಕ್ಷಣೆಯನ್ನು ಭಾರತವೇ ದಾಟಬೇಕಾದ ಸಂದರ್ಭದಲ್ಲಿ ಮಾತ್ರ ಎಎಂಸಿಎಯಂತಹ ವಿಮಾನದ ಸರಿಯಾದ ಉಪಯೋಗ. ಒಂದಕ್ಕಾಗಿ ಇನ್ನೊಂದನ್ನು ಕಡೆಗಣಿಸಿದರೆ 15,000 ಕೋಟಿ ರೂಪಾಯಿಗಳ ವೆಚ್ಚ ಅರ್ಧ ಫಲವನ್ನಷ್ಟೇ ನೀಡೀತು. ವಿಮಾನ ಸೇವೆಗೆ ಬರುವ ಹೊತ್ತಿಗೆ ರಾಡಾರುಗಳೂ ಮುಂದುವರಿದಿರುತ್ತವೆ. ಆದ್ದರಿಂದ ಸ್ಟೆಲ್ತ್ ತಂತ್ರಜ್ಞಾನದ ಬೆಲೆ ಅದು ಎಷ್ಟು ಮರೆಮಾಚುತ್ತದೆ ಎಂಬುದರಷ್ಟೇ ಯಾವಾಗ ಕೈಗೆ ಸಿಗುತ್ತದೆ ಎಂಬುದನ್ನೂ ಅವಲಂಬಿಸಿದೆ.

ಪದಪರಿಚಯ

ರಾಡಾರ್ ಅಡ್ಡಛೇದ: ಒಂದು ವಸ್ತು ರಾಡಾರಿಗೆ ಎಷ್ಟು ದೊಡ್ಡದಾಗಿ ತೋರುತ್ತದೆ ಎಂಬುದರ ಅಳತೆ. ಮಾನ ಚದರ ಮೀಟರ್.

ತರಂಗದೂರ: ಒಂದು ಅಲೆಯ ಶಿಖರದಿಂದ ಮುಂದಿನ ಶಿಖರಕ್ಕಿರುವ ಅಂತರ. ಗುರಿಹಿಡಿಯುವ ರಾಡಾರುಗಳಲ್ಲಿ ಸುಮಾರು 3 ಸೆಂ.ಮೀ., ದೂರದ ಎಚ್ಚರಿಕೆ ನೀಡುವ ಕೆಲವು ರಾಡಾರುಗಳಲ್ಲಿ 1 ಮೀಟರಿಗೂ ಹೆಚ್ಚು.

ಹೀರುಲೇಪನ: ರಾಡಾರ್ ತರಂಗಗಳ ಶಕ್ತಿಯನ್ನು ಹೀರಿ ಶಾಖವಾಗಿ ಪರಿವರ್ತಿಸುವ ಲೇಪನ.

ನಿಷ್ಕ್ರಿಯ ರಾಡಾರ್: ತಾನಾಗಿ ತರಂಗ ಸೂಸದೆ, ಇತರ ಪ್ರಸಾರ ಕೇಂದ್ರಗಳ ತರಂಗಗಳು ವಿಮಾನಕ್ಕೆ ಬಡಿದು ಬರುವ ಪ್ರತಿಧ್ವನಿಯನ್ನು ಗ್ರಹಿಸುವ ವ್ಯವಸ್ಥೆ.

ಐದನೇ ಪೀಳಿಗೆಯ ಯುದ್ಧವಿಮಾನ: ಸ್ಟೆಲ್ತ್ ಆಕಾರ, ಒಳಗಣ ಶಸ್ತ್ರಾಗಾರ, ಹಲವು ಸಂವೇದಕಗಳ ಮಾಹಿತಿಯನ್ನು ಒಂದುಗೂಡಿಸುವ ಸಾಮರ್ಥ್ಯ ಹೊಂದಿರುವ ವಿಮಾನ.